ಕಾಫಿ ಕಂಪನಿ, ಡೈರಿ, ಎಫ್‌ಪಿಒ: ಹಳ್ಳಿ ಶಾಲೆಗೆ ನೆರವು ಯಾರ ಹತ್ರ, ಯಾವಾಗ, ಏನಕ್ಕೆ ಕೇಳೋದು?

ಬಿಸಿಲೆ_ಮಳೆ:
ಸಕಲೇಶಪುರ–ಮೂಡಿಗೆರೆ ಗಡಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 5ನೇ ತರಗತಿ, ದಾಖಲಾತಿ 54, ಮೇಷ್ಟ್ರು ಇಬ್ಬರು. ಸುತ್ತಮುತ್ತ ಒಂದು ದೊಡ್ಡ ಕಾಫಿ ಕಂಪನಿಯ ಎಸ್ಟೇಟು, ನಾಲ್ಕೈದು ಮನೆತನದ ತೋಟ, ಒಂದು ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ), ಹಾಲಿನ ಡೈರಿ, ಈಚೆಗೆ ಶುರುವಾದ ಒಂದು ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಇವೆ. ಎಸ್‌ಡಿಎಂಸಿಯಿಂದ, ಅಂದರೆ ಶಾಲಾಭಿವೃದ್ಧಿ ಸಮಿತಿಯಿಂದ, ಎಲ್ಲರಿಗೂ ಒಂದೇ ಅರ್ಜಿ ಕೊಡೋಣ ಅಂತಿದ್ದೇವೆ: ಬ್ಯಾಗು, ನೋಟ್‌ಬುಕ್, ಕಂಪ್ಯೂಟರ್, ಒಂದು ಕೊಠಡಿ. ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆ ಮಾಡುವ ಖರ್ಚು) ಲಾಭದ 2% ಕಡ್ಡಾಯ ಅಂತಾರಲ್ಲ, ಅದು ಇವರಿಗೆಲ್ಲ ಅನ್ವಯಿಸುತ್ತಾ? ಅರ್ಜಿಯಲ್ಲಿ ಏನೇನು ಇರಬೇಕು?

ಲೆಕ್ಕದ_ಪುಸ್ತಕ:
ಒಂದೇ ಅರ್ಜಿ ಐದು ಕಡೆಗೆ ಕೊಟ್ಟರೆ ಐದೂ ಕಡೆ ಫೈಲಿನಲ್ಲಿ ಕೂರುತ್ತೆ. ಮೊದಲು ಯಾರು ಯಾವ ಜಾತಿಯ ಸಂಸ್ಥೆ ಅಂತ ನೋಡಿ.

2013ರ ಕಂಪನಿ ಕಾಯ್ದೆಯ 135ನೇ ಕಲಂ ಕಂಪನಿಗಳಿಗೆ ಮಾತ್ರ. ಅದರಲ್ಲೂ ಹಿಂದಿನ ವರ್ಷ ನಿವ್ವಳ ಲಾಭ 5 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಮೌಲ್ಯ 500 ಕೋಟಿ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದವರಿಗೆ. ಅವರು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಮನೆತನದ ತೋಟಗಳು ಹೆಚ್ಚಾಗಿ ಒಬ್ಬರ ಹೆಸರಲ್ಲೋ ಪಾಲುದಾರಿಕೆಯಲ್ಲೋ ಇರುತ್ತವೆ, ಎಷ್ಟು ನೂರು ಎಕರೆ ಇದ್ದರೂ ಈ ಕಲಂ ಅವರನ್ನು ಮುಟ್ಟಲ್ಲ. ಕ್ಯೂರಿಂಗ್ ವರ್ಕ್ಸ್ ಪ್ರೈವೇಟ್ ಲಿಮಿಟೆಡ್ ಆಗಿದ್ದರೂ ಲಾಭ 5 ಕೋಟಿ ದಾಟಿದೆಯಾ ನೋಡಬೇಕು. ಡೈರಿ ಸಹಕಾರ ಸಂಘ, ಕಂಪನಿಯೇ ಅಲ್ಲ. ಎಫ್‌ಪಿಒ ಕಂಪನಿಯಾಗಿ ನೋಂದಣಿ ಆಗಿದ್ದರೂ ಆ ಲಾಭದ ಮಟ್ಟಕ್ಕೆ ಬಂದಿರೋದು ಅಪರೂಪ.

ಅಂದರೆ ನಿಮ್ಮ ಪಟ್ಟಿಯಲ್ಲಿ ಕಡ್ಡಾಯ ಇರೋದು ಬಹುಶಃ ಒಬ್ಬರಿಗೆ, ದೊಡ್ಡ ಕಾಫಿ ಕಂಪನಿಗೆ. ಮಿಕ್ಕವರದ್ದು ಮನಸ್ಸಿನ ಮೇಲೆ. ಅವರಿಗೆ ಹೋಗಿ ‘ನಿಮ್ಮ ಸಿಎಸ್‌ಆರ್ ಹಣ’ ಅಂತ ಬರೆದರೆ ಕೆಲಸ ಕೆಡುತ್ತೆ.

ಕಣದ_ಮೂಲೆ:
ತೋಟದವರ ಕಡೆಯಿಂದ ಒಂದು ಮಾತು. ತೋಟದಲ್ಲಿ ವರ್ಷವಿಡೀ ಕಾಸು ಓಡಾಡಲ್ಲ ಮಾರಾಯ್ರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ ಫೆಬ್ರವರಿ–ಮಾರ್ಚ್ ತನಕ. ಆ ಹೊತ್ತಲ್ಲಿ ವಾರಾವಾರ ಬಟವಾಡೆಗೇ ದುಡ್ಡು ಹೊಂದಿಸಬೇಕು. ಕಣದಲ್ಲಿ ಒಣಗಿ, ಮಾರಿ, ಕೈಗೆ ಬರೋದು ಮಾರ್ಚ್–ಏಪ್ರಿಲ್. ಶಾಲೆಯವರು ಜುಲೈನಲ್ಲಿ ಬಂದು ನಿಲ್ತಾರೆ, ಆಗ ಗೊಬ್ಬರ, ಚಿಗುರು ತೆಗೆಸೋದು, ಮಳೆ ಅಂತ ಖರ್ಚೇ ಖರ್ಚು. ಕೇಳೋದಿದ್ದರೆ ಮಾರ್ಚ್ ಕೊನೆಗೆ ಬನ್ನಿ.

ಇನ್ನೊಂದು, ‘80ಜಿ ರಸೀದಿ ಕೊಡ್ತೀವಿ’ (ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ರಸೀದಿ) ಅನ್ನೋದಕ್ಕೆ ಎಲ್ಲರೂ ಕಿವಿಗೊಡಲ್ಲ. ಕ್ಯೂರಿಂಗ್ ಮಾಡಿಸದೆ ಕಚ್ಚಾ ಕಾಫಿ ಮಾರುವವರಿಗೆ ಅದು ಪೂರ್ತಿ ಕೃಷಿ ಆದಾಯ. ಬೆಳೆದು ಕ್ಯೂರ್ ಮಾಡಿ ಮಾರಿದರೆ 25%, ಹುರಿದು ಪುಡಿ ಮಾಡಿ ಮಾರಿದರೆ 40% ಮಾತ್ರ ವ್ಯಾಪಾರದ ಆದಾಯ ಅಂತ ಲೆಕ್ಕ. ಸಣ್ಣ ಬೆಳೆಗಾರರಿಗೆ ತೆರಿಗೆ ವಿನಾಯಿತಿಯಿಂದ ಹೆಚ್ಚೇನೂ ಉಳಿಯಲ್ಲ. ಅವರ ಹತ್ರ ಕಾಸಿಗಿಂತ ವಸ್ತು, ಆಳು, ವಾಹನ ಕೇಳೋದು ಸುಲಭ: ಬೇಲಿಗೆ ಸಿಲ್ವರ್ ಮರದ ಕಂಬ, ಎರಡು ದಿನಕ್ಕೆ ನಾಲ್ಕು ಆಳು, ಟ್ಯಾಂಕ್ ತುಂಬಿಸೋಕೆ ಟ್ರ್ಯಾಕ್ಟರ್.

ನಲಿಕಲಿ_ಮೇಷ್ಟ್ರು:
ನಿಮ್ಮ ಪಟ್ಟಿಯಲ್ಲಿ ಬ್ಯಾಗು, ನೋಟ್‌ಬುಕ್ ತೆಗೆದುಹಾಕಿ ಸರ್. ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರದಿಂದಲೇ ಬರುತ್ತೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿಕೊಂಡ ಮೇಲೆ ಮೊಟ್ಟೆ ವಾರಕ್ಕೆ ಆರು ದಿನ. ಹಾಲು ಸರ್ಕಾರದ ಕ್ಷೀರಭಾಗ್ಯ ಯೋಜನೆಯದ್ದು, ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿ.ಲೀ. ಅದಕ್ಕೆ ದುಡ್ಡು ಕೊಡೋದೂ ಸರ್ಕಾರವೇ, ಹಾಲು ಒಕ್ಕೂಟದ ದಾನ ಅಂತ ತಿಳಿದುಕೊಂಡವರು ಬಹಳ ಜನ ಇದ್ದಾರೆ. ನೋಟ್‌ಬುಕ್ ಕೊಡುವ ಕಂಪನಿಗಳು ಆಗಸ್ಟ್ 15ಕ್ಕೆ ಫೋಟೊ ಸಮೇತ ಕೊಡುತ್ತವೆ. ಶಾಲೆ ಶುರುವಾಗಿ ಎರಡೂವರೆ ತಿಂಗಳಾಗಿರುತ್ತೆ, ಅಷ್ಟರಲ್ಲಿ ಮನೆಯವರು ಸಾಲ ಮಾಡಿಯಾದರೂ ತಂದುಕೊಟ್ಟಿರುತ್ತಾರೆ.

ನಿಜವಾದ ತೂತು ಇರೋದು ನವೆಂಬರ್‌ನಿಂದ ಮಾರ್ಚ್ ತನಕ. ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್, ಉತ್ತರ ಕರ್ನಾಟಕದ ಕಡೆಯಿಂದ ಕುಟುಂಬಗಳು ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆಗೆ) ಬರುತ್ತವೆ. ಜೊತೆಗೆ ಮಕ್ಕಳೂ. ಯುಡೈಸ್ (ದೇಶದ ಎಲ್ಲ ಶಾಲೆಗಳ ಸರ್ಕಾರಿ ಮಾಹಿತಿ ವ್ಯವಸ್ಥೆ) ಲೆಕ್ಕ ಹಿಡಿಯೋದು ಸೆಪ್ಟೆಂಬರ್ 30ಕ್ಕೆ. ಆ ದಿನ ಈ ಮಕ್ಕಳು ಊರಲ್ಲೇ ಇರಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 1ರಿಂದ 5ಕ್ಕೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61 ಆದರೆ ಮೂವರು. ನಿಮ್ಮಲ್ಲಿ 54. ಡಿಸೆಂಬರ್‌ನಲ್ಲಿ 15 ಮಕ್ಕಳು ಬಂದು 69 ಆದರೂ ಮೂರನೆಯ ಮೇಷ್ಟ್ರು ಬರಲ್ಲ, ಪಠ್ಯಪುಸ್ತಕದ ಬೇಡಿಕೆ ಪಟ್ಟಿಯೂ ಹೋಗಿ ಆಗಿರುತ್ತೆ. ಬಿಸಿಯೂಟಕ್ಕೆ ಮಾತ್ರ ಹಾಜರಾತಿ ನೋಡಿ ಅಕ್ಕಿ ಸರಿಹೋಗುತ್ತೆ.

ಆ ಮಕ್ಕಳನ್ನು ಕರೆಸಿಕೊಂಡಿರೋದು ಕಾಫಿ. ಕಾಫಿ ಕಂಪನಿ ಹತ್ರ ಏನಾದರೂ ಕೇಳೋದಿದ್ದರೆ ಅದನ್ನೇ ಕೇಳಬೇಕು: ಐದು ತಿಂಗಳಿಗೆ ಹಿಂದಿ ಬರುವ ಒಬ್ಬ ಸಹಾಯಕಿ, ಆ ಮಕ್ಕಳಿಗೆ ಪುಸ್ತಕ–ಸಾಮಗ್ರಿ. ತಿಂಗಳಿಗೆ 12 ಸಾವಿರ ಅಂತಿಟ್ಟರೂ 60 ಸಾವಿರ. ಒಂದು ಕೊಠಡಿಯ ತಳಪಾಯಕ್ಕೂ ಸಾಲದ ದುಡ್ಡು ಅದು.

ಹೆಂಚಿನ_ಮಾಡು:
ಮೇಷ್ಟ್ರ ಮಾತು ಒಪ್ಪಿದೆ, ಆದರೆ ಕಟ್ಟಡ ಬೇಡವೇ ಬೇಡ ಅನ್ನಬೇಡಿ. ಜೂನ್–ಆಗಸ್ಟ್‌ನಲ್ಲಿ ತಗಡಿನ ಶೀಟಿನ ಕೆಳಗೆ ಕೂತು ನೋಡಿ. ಮಳೆ ಜೋರಾದರೆ ಎರಡನೇ ಸಾಲಿನ ಮಗುವಿಗೂ ಮೇಷ್ಟ್ರ ಮಾತು ಕೇಳಲ್ಲ. ದಿನಕ್ಕೆ ಎರಡು ಪೀರಿಯಡ್ ಬರೀ ಕಾಪಿ ಬರೆಸೋದರಲ್ಲೇ ಹೋಗುತ್ತೆ. ಬಯಲುಸೀಮೆಯ ಎಂಜಿನಿಯರ್ ಹಾಕಿದ ಎಸ್ಟಿಮೇಟಿನಲ್ಲಿ ಇದು ಇರೋದೇ ಇಲ್ಲ.

ಹಳೇ ಮಂಗಳೂರು ಹೆಂಚು ತೆಗೆಸಿ ಶೀಟ್ ಹಾಕಿಸುವ ಕಂಪನಿಗಳಿವೆ. ಮಂಗ ಹೆಂಚು ಒಡೆಯುತ್ತೆ, ಪಕಾಸಿ (ಮಾಡಿನ ಅಡಿಯ ಮರದ ತೊಲೆ) ಕುಂಬಾಗಿರುತ್ತೆ ಅಂತ ಕಾರಣ. ಕಾರಣ ನಿಜ, ಪರಿಹಾರ ಸರಿಯಿಲ್ಲ. ಪಕಾಸಿ, ಅದರ ಮೇಲೆ ಹೆಂಚು ಕೂರುವ ರೀಪು ಬದಲಿಸಿ ಅದೇ ಹೆಂಚು ಮತ್ತೆ ಹೊದಿಸಬಹುದು. ಶೀಟೇ ಆಗಬೇಕು ಅಂದರೆ ಎರಡು ತಗಡಿನ ನಡುವೆ ಫೋಮ್ ಇರುವ ಪಫ್ ಪ್ಯಾನಲ್ ಕೇಳಿ. ಸ್ಕ್ರೂ ಶೀಟಿನ ಏಣಿನ ಮೇಲೆ ಬರಬೇಕು, ತಗ್ಗಿನಲ್ಲಿ ಹೊಡೆದರೆ ನೀರು ನೇರ ಅದರ ಮೇಲೇ ಹರಿಯುತ್ತೆ. ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತೆ, ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ವಾಷರ್ ಬದಲಿಸುವ ಖರ್ಚನ್ನೂ ಒಪ್ಪಂದದಲ್ಲೇ ಬರೆಸಿ. ಗೋಡೆಗೆ ಎರಚಲು ಹೊಡೆಯದ ಹಾಗೆ ಮಾಡು ಮೂರು ಅಡಿಯಾದರೂ ಮುಂದೆ ಚಾಚಿರಲಿ.

ಬಿಸಿಲೆ_ಮಳೆ:
ಕಂಪ್ಯೂಟರ್ ಬಗ್ಗೆ? ಒಬ್ಬರು ಹತ್ತು ಹಳೇ ಡೆಸ್ಕ್‌ಟಾಪ್ ಕೊಡ್ತೀವಿ ಅಂದಿದ್ದಾರೆ.

ಯುಪಿಎಸ್_ಬೀಪ್:
ಬೇಡ ಅನ್ನಿ. ಇಬ್ಬರು ಮೇಷ್ಟ್ರ ಶಾಲೆಗೆ ಐದು ಲ್ಯಾಪ್‌ಟಾಪ್ ಸಾಕು, ಹಳೇ ಡೆಸ್ಕ್‌ಟಾಪ್ ಹತ್ತು ಬಂದರೆ ಕರೆಂಟ್ ಬಿಲ್ಲೂ ರಿಪೇರಿಯೂ ನಿಮ್ಮ ತಲೆ ಮೇಲೆ.

ಲೆಕ್ಕ ನೋಡಿ. 12 ವೋಲ್ಟಿನ 150 ಎಎಚ್ ಬ್ಯಾಟರಿ ಅಂದರೆ 1,800 ವ್ಯಾಟ್ ಅವರ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಉಳಿದದ್ದು 900. ಇನ್ವರ್ಟರ್‌ನಲ್ಲಿ ಹೋಗೋದು ಕಳೆದರೆ ಹತ್ತಿರ ಹತ್ತಿರ 760. ಲ್ಯಾಪ್‌ಟಾಪ್ ತಲಾ 40 ವ್ಯಾಟ್, ಐದಕ್ಕೆ 200. ಮೂರೂವರೆ ಗಂಟೆ ಧಾರಾಳ. ಅದೇ ಹತ್ತು ಡೆಸ್ಕ್‌ಟಾಪ್ ಮಾನಿಟರ್ ಸಮೇತ ತಲಾ 120 ವ್ಯಾಟ್ ಎಳೆದರೆ ಮುಕ್ಕಾಲು ಗಂಟೆಯೂ ಬರಲ್ಲ.

ಮಲೆನಾಡಲ್ಲಿ ಯಂತ್ರ ಸಾಯೋದು ಎರಡು ಕಾರಣಕ್ಕೆ. ಏಪ್ರಿಲ್–ಮೇ ಸಿಡಿಲು, ಜೂನ್‌ನಿಂದ ತೇವ. ಅರ್ತಿಂಗ್ ಗುಂಡಿ ಸರಿಯಾಗಿ ಮಾಡಿಸಿ, ಅಳತೆ 5 ಓಮ್ ಒಳಗೆ ಬಂದಿದೆ ಅಂತ ಎಲೆಕ್ಟ್ರಿಷಿಯನ್ ಬರೆದುಕೊಡಲಿ. ಬೇಸಿಗೆ ರಜೆಗೆ ಬೀಗ ಹಾಕುವ ಮುಂಚೆ ಎಲ್ಲ ಪ್ಲಗ್ ಕಿತ್ತಿಡಿ. ಮಳೆಗಾಲದಲ್ಲಿ ಪಾಠ ಇರಲಿ ಇಲ್ಲದಿರಲಿ ವಾರಕ್ಕೆರಡು ಸಲ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋದು ಯಾರ ಕೆಲಸ ಅಂತ ಹೆಸರು ಬರೆದು ಗೋಡೆಗೆ ಅಂಟಿಸಿ. ಬೇಸಿಗೆ ರಜೆಯಲ್ಲಿ ನೀರು ಇಳಿದು ಪ್ಲೇಟು ಬಿಳಿಚಿಕೊಂಡ ಬ್ಯಾಟರಿಗೆ ವಾರಂಟಿ ಕೊಡೋರು ಇಲ್ಲ.

ಲೆಕ್ಕದ_ಪುಸ್ತಕ:
ಇದಕ್ಕೆ ಸೇರಿಸೋದು: ಕೊಟೇಶನ್ ಯಾವಾಗಲೂ ಜಿಎಸ್‌ಟಿ ಸೇರಿಸಿಯೇ ಕೊಡಿ. ಸಿಎಸ್‌ಆರ್ ಖರ್ಚಿನ ಮೇಲೆ ಕಂಪನಿಗೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು) ಸಿಗಲ್ಲ, 2023ರಲ್ಲಿ ಅದನ್ನು ಮುಚ್ಚಿದ್ದಾರೆ. ನೀವು ತೆರಿಗೆ ಬಿಟ್ಟು 2 ಲಕ್ಷ ಅಂತ ಬರೆದು, ಆಮೇಲೆ 18% ಸೇರಿ 2.36 ಲಕ್ಷ ಆದರೆ ಮಂಜೂರಾತಿ ಮತ್ತೆ ಮೊದಲಿಂದ.

ದೊಡ್ಡ ಕಂಪನಿ ಹಣ ಕೊಡೋಕೆ ಎರಡು ದಾರಿ. ಒಂದು, ತಾನೇ ಖರೀದಿಸಿ ಶಾಲೆಗೆ ಹಸ್ತಾಂತರಿಸೋದು. ಇನ್ನೊಂದು, ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳಿಗಿರುವ ನೋಂದಣಿ) ಇರುವ ಟ್ರಸ್ಟು ಅಥವಾ ಸಂಸ್ಥೆ ಮೂಲಕ. ಎಸ್‌ಡಿಎಂಸಿಗೆ ಆ ನೋಂದಣಿ ಇರಲ್ಲ, ಹಾಗಾಗಿ ‘ನಮ್ಮ ಖಾತೆಗೆ ಹಾಕಿ’ ಅಂದರೆ ಅವರ ಆಡಿಟರ್ ಒಪ್ಪಲ್ಲ. ವಸ್ತುವಿಗೆ ಮೊದಲ ದಾರಿ ಸಲೀಸು. ಸಿಎಸ್‌ಆರ್‌ನಲ್ಲಿ ಮಾಡಿದ ಆಸ್ತಿ ಕಂಪನಿಯ ಹೆಸರಲ್ಲಿ ಉಳಿಯುವಂತಿಲ್ಲ. ಸರ್ಕಾರಿ ಶಾಲೆ ಸಾರ್ವಜನಿಕ ಪ್ರಾಧಿಕಾರದ ಕೆಳಗೆ ಬರುವುದರಿಂದ ತೊಡಕಿಲ್ಲ, ಆದರೆ ಹಸ್ತಾಂತರ ಪತ್ರ ಮತ್ತು ಶಾಲೆಯ ದಾಸ್ತಾನು ಪುಸ್ತಕದಲ್ಲಿ ನಮೂದು ಎರಡೂ ಬೇಕು. ಸಹಾಯಕಿಯ ಸಂಬಳದಂಥದ್ದಕ್ಕೆ ಎರಡನೇ ದಾರಿ.

ಟ್ರಸ್ಟಿನ ಖಾತೆಗೆ ಹೋದ ಮಾತ್ರಕ್ಕೆ ಖರ್ಚಾಯಿತು ಅಂತ ಲೆಕ್ಕ ಅಲ್ಲ. ಹಣ ಬಳಕೆಯಾಗಿದೆ ಅಂತ ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ಕೊಯ್ಲಿನ ಯೋಜನೆ ಮಾರ್ಚ್‌ಗೇ ಮುಗಿಯುತ್ತೆ, ಹಣಕಾಸು ವರ್ಷವೂ 31ಕ್ಕೆ. ಬಿಲ್ಲು, ಹಾಜರಾತಿ, ಬಳಕೆ ಪ್ರಮಾಣಪತ್ರ ಮೂರನೇ ವಾರದೊಳಗೆ ಕೈಸೇರದಿದ್ದರೆ ಮುಂದಿನ ವರ್ಷ ನಿಮ್ಮ ಅರ್ಜಿ ತೆರೆಯೋದೇ ಇಲ್ಲ.

ಲೈನ್‌ಮನೆ_ಬಾಗಿಲು:
ಕಂಪನಿಗಳು ಮಾಡುವ ಒಂದು ಚಾಲಾಕಿ ಇಲ್ಲಿ ಹೇಳಬೇಕು. ತೋಟದ ಶಿಶುವಿಹಾರ, ಕಾರ್ಮಿಕರ ಮಕ್ಕಳಿಗೆ ಮಾತ್ರ ನಡೆಸುವ ಶಾಲೆ, ಇವನ್ನೆಲ್ಲ ‘ಶಿಕ್ಷಣ ಸೇವೆ’ ಅಂತ ವಾರ್ಷಿಕ ವರದಿಯಲ್ಲಿ ತೋರಿಸುತ್ತಾರೆ. 1951ರ ಪ್ಲಾಂಟೇಶನ್ ಕಾಯ್ದೆಯಲ್ಲೇ 50 ಹೆಂಗಸರು ಕೆಲಸಕ್ಕಿದ್ದರೆ ಅಥವಾ ಅವರ ಮಕ್ಕಳು 20 ಆದರೆ ಶಿಶುವಿಹಾರ ನಡೆಸಬೇಕಿತ್ತು. ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25 ದಾಟಿದರೆ ಶಿಕ್ಷಣ ಸೌಲಭ್ಯ ಒದಗಿಸಿ ಅಂತ ರಾಜ್ಯ ಸರ್ಕಾರ ಹೇಳಬಹುದಿತ್ತು. ಆ ಕಾಯ್ದೆಯನ್ನು ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಕಾನೂನು ಪ್ರಕಾರ ಮಾಡಲೇಬೇಕಾದ್ದನ್ನು ದಾನ ಅಂತ ಕರೆಯೋದು ಯಾವ ನ್ಯಾಯ? ಸಿಎಸ್‌ಆರ್ ನಿಯಮವೂ ತನ್ನ ನೌಕರರಿಗಷ್ಟೇ ಆಗುವ ಖರ್ಚನ್ನು ಲೆಕ್ಕಕ್ಕೆ ತಗೊಳ್ಳಲ್ಲ. ನಿಮ್ಮದು ಎಲ್ಲರಿಗೂ ತೆರೆದ ಸರ್ಕಾರಿ ಶಾಲೆ, ಅಲ್ಲಿ ಕಾರ್ಮಿಕರ ಮಕ್ಕಳೇ ಹೆಚ್ಚಿದ್ದರೂ ತೊಂದರೆಯಿಲ್ಲ.

ಹಾಗಂತ ಶಿಶುವಿಹಾರ ಶಾಲೆಗೆ ಸಂಬಂಧವಿಲ್ಲದ್ದಲ್ಲ. ತೋಟದ ಕೆಲಸ ಬೆಳಿಗ್ಗೆ 8ಕ್ಕೆ, ಅಂಗನವಾಡಿ ತೆರೆಯೋದು ಅದಾದ ಮೇಲೆ. ನಡುವಿನ ಹೊತ್ತಿಗೆ ಪುಟ್ಟ ತಮ್ಮನನ್ನು ಎತ್ತಿಕೊಂಡು ಕೂರೋಳು ಮೂರನೇ ಕ್ಲಾಸಿನ ಅಕ್ಕ. ಹಾಜರಿ ಪುಸ್ತಕ ತೆಗೆದು ಡಿಸೆಂಬರ್ ತಿಂಗಳ ಹೆಣ್ಣುಮಕ್ಕಳ ಸಾಲು ನೋಡಿ, ಗೊತ್ತಾಗುತ್ತೆ. ಕಂಪನಿ ತನ್ನ ಶಿಶುವಿಹಾರವನ್ನು ಏಳೂವರೆಗೆ ತೆಗೆದರೆ ಹತ್ತು ಬ್ಯಾಗು ಹಂಚಿದ್ದಕ್ಕಿಂತ ಹೆಚ್ಚು ಮಕ್ಕಳು ಶಾಲೆಗೆ ಬರ್ತಾರೆ.

ಇನ್ನೊಂದು ಕೆ.ಜಿ. ಲೆಕ್ಕದ ಕೂಲಿ. ಹಣ್ಣು ಕೊಯ್ದಷ್ಟು ದುಡ್ಡು ಅಂದಾಗ ಅಪ್ಪ ಅಮ್ಮನ ಚೀಲಕ್ಕೆ ಮಗುವಿನ ಕೈಯೂ ಸೇರುತ್ತೆ. 14ರ ಒಳಗಿನವರನ್ನು ದುಡಿಸೋದು ನಿಷೇಧ. ‘ಕುಟುಂಬಕ್ಕೆ ನೆರವು’ ಅನ್ನೋ ರಿಯಾಯಿತಿ ಸ್ವಂತ ಕುಟುಂಬದ ಉದ್ಯಮಕ್ಕೆ, ಅದೂ ಶಾಲೆ ಬಿಟ್ಟ ಮೇಲೆ. ಕಂಪನಿಯ ತೋಟ ಅದಕ್ಕೆ ಬರಲ್ಲ. ತೂಕ ಹಾಕುವ ಮೇಸ್ತ್ರಿಗೆ ಖಡಾಖಂಡಿತ ಸೂಚನೆ ಇರಬೇಕು. ರೈನ್‌ಫಾರೆಸ್ಟ್ ಅಲಯನ್ಸ್ ಥರದ ಪ್ರಮಾಣಪತ್ರ ಇರುವ ಎಸ್ಟೇಟುಗಳು ಈ ವಿಷಯಕ್ಕೆ ಬೇಗ ಎಚ್ಚೆತ್ತುಕೊಳ್ಳುತ್ತವೆ, ಆಡಿಟ್‌ನಲ್ಲಿ ಕೇಳ್ತಾರೆ.

ಕಣದ_ಮೂಲೆ:
ಎಲ್ಲ ತೋಟದವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಮಕ್ಕಳನ್ನು ಒಬ್ಬರೇ ಲೈನಿನಲ್ಲಿ ಬಿಡೋಕೆ ಹೆದರಿ ತಾಯಂದಿರೇ ಕರ್ಕೊಂಡು ಬರ್ತಾರೆ. ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆ ಯಾವ ತೋಟದಲ್ಲಿ ನಿಂತಿದೆ ಅಂತ ಹೇಳೋಕಾಗಲ್ಲ. ಮಕ್ಕಳು ಎರಡು ಕಿಲೋಮೀಟರ್ ಕಾಫಿ ಗಿಡದ ನಡುವಿನ ದಾರೀಲಿ ನಡೀಬೇಕು.

ಲೈನ್‌ಮನೆ_ಬಾಗಿಲು:
ಅದಕ್ಕೇ ಜೀಪು ಕೇಳಿ ಅನ್ನೋದು. ತೋಟದ ಜೀಪು ಬೆಳಿಗ್ಗೆ ಆಳು ಬಿಡೋಕೆ ಓಡಾಡುತ್ತಲೇ ಇರುತ್ತೆ, ಇನ್ನೊಂದು ಟ್ರಿಪ್ಪು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಮೆಸೇಜ್ ನೋಡಿ ದಾರಿ ತೀರ್ಮಾನಿಸುವ ಕೆಲಸ ತೋಟದ ರೈಟರ್‌ಗೆ (ಲೆಕ್ಕ, ಉಸ್ತುವಾರಿ ನೋಡುವವರಿಗೆ) ವಹಿಸಲಿ. ಆದರೆ ಪಿಕಪ್ ಹಿಂದೆ ಮಕ್ಕಳನ್ನು ನಿಲ್ಲಿಸಿ ಕಳಿಸೋದು ಯಾವ ಕಾರಣಕ್ಕೂ ಬೇಡ. ಅದು ಸರಕಿನ ಗಾಡಿ, ಮಗುಚಿದರೆ ವಿಮೆಯವರು ಕೈಯೆತ್ತುತ್ತಾರೆ. ಗಾಡಿಯ ಆರ್‌ಸಿ, ವಿಮೆ, ಚಾಲಕನ ಲೈಸೆನ್ಸ್ ಮೂರರ ನಕಲು ಶಾಲೆಯಲ್ಲಿರಲಿ. ಮಕ್ಕಳಿಂದ ಒಂದು ರೂಪಾಯಿಯೂ ತಗೋಬಾರದು, ತಗೊಂಡರೆ ಅದು ಬಾಡಿಗೆ ಗಾಡಿ ಆಗುತ್ತೆ.

ಹಾಲಿನ_ಕ್ಯಾನು:
ಡೈರಿ ಮತ್ತು ಎಫ್‌ಪಿಒ ಬಗ್ಗೆ ಯಾರೂ ಹೇಳಲಿಲ್ಲ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆ ಹಾಸನ ಹಾಲು ಒಕ್ಕೂಟದ ವ್ಯಾಪ್ತಿ. ಆದರೆ ನಿಮಗೆ ಬೇಕಾದ್ದು ಒಕ್ಕೂಟವಲ್ಲ, ಊರಿನ ಹಾಲು ಉತ್ಪಾದಕರ ಸಂಘ. ಲಾಭದಲ್ಲಿ ಎಷ್ಟು ಯಾವುದಕ್ಕೆ ಅಂತ ತೀರ್ಮಾನ ಆಗೋದು ವಾರ್ಷಿಕ ಮಹಾಸಭೆಯಲ್ಲಿ, ಸೆಪ್ಟೆಂಬರ್ ಒಳಗೆ. ಅರ್ಜಿ ಅದಕ್ಕೂ ಮುಂಚೆ ಆಡಳಿತ ಮಂಡಳಿಗೆ ಹೋಗಿ ವಿಷಯಪಟ್ಟಿಯಲ್ಲಿ ಕೂರಬೇಕು. ಸಭೆಯಲ್ಲಿ ಎದ್ದು ನಿಂತು ಕೇಳಿದರೆ ‘ಇತರೆ ವಿಷಯ’ದಲ್ಲಿ ತೇಲಿಹೋಗುತ್ತೆ. ಸಂಘಗಳು ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ತೆಗೆದ ಸದಸ್ಯರ ಮಕ್ಕಳಿಗೆ ಶಾಲು ಹೊದೆಸಿ ಬಹುಮಾನ ಕೊಡ್ತವೆ. ತಪ್ಪಲ್ಲ. ಆದರೆ ಫೇಲಾದ ಮಕ್ಕಳಿಗೆ ಮರುಪರೀಕ್ಷೆಗೆ ಒಂದು ತಿಂಗಳ ಗಣಿತ ಪಾಠ ಅಂತ ಒಂದು ಸಾಲು ಸೇರಿಸೋಕೆ ಹೇಳಿ, ಖರ್ಚು ಅಷ್ಟೇ ಬೀಳುತ್ತೆ.

ಎಫ್‌ಪಿಒ ಉತ್ಪಾದಕ ಕಂಪನಿಯಾಗಿದ್ದರೆ ದೇಣಿಗೆಗೆ ಮಿತಿ ಇದೆ: ವಿಶೇಷ ನಿರ್ಣಯ ಆಗಬೇಕು, ಹಿಂದಿನ ವರ್ಷದ ನಿವ್ವಳ ಲಾಭದ 3% ಮೀರುವಂತಿಲ್ಲ. ನಾಲ್ಕು ಲಕ್ಷ ಲಾಭ ಇದ್ದರೆ 12 ಸಾವಿರ. ಅವರ ಹತ್ರ ಕೊಠಡಿ ಕೇಳೋದು ಅವರನ್ನು ಮುಜುಗರಕ್ಕೆ ಸಿಕ್ಕಿಸಿದ ಹಾಗೆ. ಬೇರೆ ಕೆಲಸ ಕೇಳಿ: ರೈತರ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಗೆ ಫ್ರೂಟ್ಸ್ ಐಡಿ (ರೈತರ ಸರ್ಕಾರಿ ನೋಂದಣಿ ಸಂಖ್ಯೆ) ಬೇಕು, ಜಂಟಿ ಖಾತೆ, ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗದ ಜಮೀನು ಅಂತ ಎಷ್ಟೋ ಮನೆಗಳಲ್ಲಿ ಅದೇ ಆಗಿಲ್ಲ. ಎಫ್‌ಪಿಒದಲ್ಲಿ ಕಂಪ್ಯೂಟರ್ ಇದೆ, ಪಹಣಿ ಗೊತ್ತಿರುವ ಹುಡುಗರಿದ್ದಾರೆ. ಪಿಯುಸಿ, ಐಟಿಐ ಸೇರಿದ ಹುಡುಗಿಗೆ ವರ್ಷಕ್ಕೆ 3,000, ಹುಡುಗನಿಗೆ 2,500, ಬಿಇ, ಎಂಬಿಬಿಎಸ್‌ಗೆ 11,000 ಮತ್ತು 10,000 ಅಂತ ಯೋಜನೆ ಶುರುವಾದಾಗ ನಿಗದಿಯಾಗಿತ್ತು. ಕಾಗದ ಸರಿ ಮಾಡಿಸಿಕೊಟ್ಟರೆ ಅದೇ ದೊಡ್ಡ ನೆರವು.

ಬಿಸಿಲೆ_ಮಳೆ:
ಹಾಗಾದರೆ ದೊಡ್ಡ ಕಂಪನಿಗೆ ಕೊಯ್ಲಿನ ಸಹಾಯಕಿ, ಸಾಮಗ್ರಿ. ತೋಟದವರಿಗೆ ಜೀಪು. ಡೈರಿಗೆ ಬೇರೆ. ಮಾಡಿನ ಕೆಲಸ ಕ್ಯೂರಿಂಗ್ ವರ್ಕ್ಸ್‌ಗೆ ಕೇಳಿ ನೋಡ್ತೀವಿ. ದೊಡ್ಡ ಕಂಪನಿಯ ಅರ್ಜಿಯಲ್ಲಿ ಏನು ಬರೀಬೇಕು?

ಲೆಕ್ಕದ_ಪುಸ್ತಕ:
ಎರಡು ಪುಟ ಸಾಕು. 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆ, ಎಸ್‌ಡಿಎಂಸಿ ನಿರ್ಣಯದ ನಕಲು, ಕಟ್ಟಡ ಮುಟ್ಟುವುದಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಒಪ್ಪಿಗೆ. ಹಿಂದಿನ ಮೂರು ವರ್ಷದ ಸೆಪ್ಟೆಂಬರ್ ಮತ್ತು ಜನವರಿ ಹಾಜರಾತಿ ಅಕ್ಕಪಕ್ಕ ಇಟ್ಟು ಒಂದು ಸಣ್ಣ ಕೋಷ್ಟಕ. ಆ ಕೋಷ್ಟಕವೇ ಅರ್ಜಿಯ ಜೀವ, ವರ್ಣನೆ ಬೇಡ. ಖರ್ಚಿನ ಸಾಲು ಸಾಲು ಲೆಕ್ಕ, ಯಾರು ಉಸ್ತುವಾರಿ, ಯಾವಾಗ ವರದಿ. ಜನವರಿ–ಫೆಬ್ರವರಿಯಲ್ಲಿ ಕೊಟ್ಟರೆ ಏಪ್ರಿಲ್‌ನಿಂದ ಶುರುವಾಗುವ ವರ್ಷದ ಯೋಜನೆಗೆ ಸೇರುತ್ತೆ, ನವೆಂಬರ್‌ಗೆ ಹಣ ಕೈಯಲ್ಲಿರುತ್ತೆ. ಮೂರು ವರ್ಷಕ್ಕೆ ಕೇಳಿ. ಕಾಫಿ ದರ ಬಿದ್ದ ವರ್ಷವೂ ಬಾಧ್ಯತೆ ಮೂರು ವರ್ಷದ ಸರಾಸರಿ ಮೇಲಿರೋದರಿಂದ, ಮೇಲೆ ಹೇಳಿದ ಮೂರು ಮಿತಿಗಳಲ್ಲಿ ಒಂದನ್ನಾದರೂ ಕಂಪನಿ ಮುಟ್ಟುತ್ತಿರುವ ತನಕ, ಒಮ್ಮೆಲೇ ಸೊನ್ನೆಗೆ ಬರಲ್ಲ.

ನಲಿಕಲಿ_ಮೇಷ್ಟ್ರು:
ಸಾಮಗ್ರಿ ಪಟ್ಟಿಯಲ್ಲಿ ಮೊದಲು ನಲಿ-ಕಲಿ (ಚಟುವಟಿಕೆ ಮೂಲಕ ಕಲಿಸುವ ಪದ್ಧತಿ) ಕಾರ್ಡುಗಳ ಇನ್ನೊಂದು ಪೂರ್ತಿ ಸೆಟ್ ಬರೆಯಿರಿ. 1ರಿಂದ 3ಕ್ಕೆ ಕಲಿಕಾ ಏಣಿ (ಮಗು ತನ್ನ ವೇಗಕ್ಕೆ ಹತ್ತುವ ಕಲಿಕೆಯ ಮೆಟ್ಟಿಲುಗಳು) ಇರೋದರಿಂದ ನಡುವರ್ಷದಲ್ಲಿ ಬಂದ ಮಗುವನ್ನೂ ಅದರ ಮೆಟ್ಟಿಲಿಗೆ ಕೂರಿಸಬಹುದು, ಇದು ನಮ್ಮ ಪುಣ್ಯ. ಆದರೆ ಕಾರ್ಡು ಒಂದು ಮಳೆಗಾಲ ಕಳೆದರೆ ತೇವಕ್ಕೆ ಬಾಗಿ, ಅಂಚು ಬಿಚ್ಚಿ, ಚಿತ್ರ ಮಸುಕಾಗುತ್ತೆ. ದಪ್ಪ ಲ್ಯಾಮಿನೇಶನ್ ಮಾಡಿಸಿ, ಕಾಗದದ ಅಂಚಿನಾಚೆ ನಾಲ್ಕೂ ಕಡೆ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಬಿಟ್ಟು ಕತ್ತರಿಸಬೇಕು. ಅಂಚಿಗೇ ಕತ್ತರಿಸಿದರೆ ನೀರು ಅಲ್ಲಿಂದಲೇ ಏರುತ್ತೆ. 4, 5ನೇ ತರಗತಿಗೆ ಮೇಲಿನ ತರಗತಿಗೆ ಹೋದವರ ಹಳೇ ಪುಸ್ತಕ ಏಪ್ರಿಲ್‌ನಲ್ಲೇ ಕೂಡಿಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಸಾಲದಿದ್ದರೆ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಇದೆ.

ಸಹಾಯಕಿಗೆ ಹೊರಗಿನವರನ್ನು ಹುಡುಕಬೇಡಿ. ಲೈನಿನಲ್ಲೇ ಪಿಯುಸಿ ಓದಿ ಕೂತ ಹೆಣ್ಣುಮಕ್ಕಳಿರ್ತಾರೆ, ಹಿಂದಿ ಮಾತಾಡ್ತಾರೆ, ಮಕ್ಕಳ ತಾಯಂದಿರೂ ಪರಿಚಯ. ಬೆಳಿಗ್ಗೆ ಲೈನಿಗೆ ಹೋಗಿ ಮಕ್ಕಳನ್ನು ಹೊರಡಿಸಿಕೊಂಡು ಬರೋದೇ ಅವರ ಅರ್ಧ ಕೆಲಸ.

ಬಿಸಿಲೆ_ಮಳೆ:
ಟಿ.ಸಿ. ಇಲ್ಲದೆ ಬಂದ ಮಕ್ಕಳನ್ನು ಸೇರಿಸಿಕೊಳ್ಳಬಹುದಾ? ಮಾರ್ಚ್‌ನಲ್ಲಿ ಹೊರಟುಹೋದರೆ?

ನಲಿಕಲಿ_ಮೇಷ್ಟ್ರು:
ಸೇರಿಸಿಕೊಳ್ಳಲೇಬೇಕು. ಟಿ.ಸಿ. ತಡ ಅಂತಲೋ ಜನ್ಮದಾಖಲೆ ಇಲ್ಲ ಅಂತಲೋ ಆರ್‌ಟಿಇ ಪ್ರಕಾರ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಹಾಕಿ. ನಮ್ಮ ರಾಜ್ಯದ ಮಗುವಾದರೆ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ಸಂಖ್ಯೆ) ಇರುತ್ತೆ, ಹೊರರಾಜ್ಯದ್ದಾದರೆ ಯುಡೈಸ್‌ನ ಪೆನ್ ಸಂಖ್ಯೆಯನ್ನು (ಕಾಯಂ ವಿದ್ಯಾರ್ಥಿ ಸಂಖ್ಯೆಯನ್ನು) ಹಿಂದಿನ ಶಾಲೆಗೆ ಫೋನ್ ಮಾಡಿ ಕೇಳಿ. ತಂದೆಯ ಊರು, ಜಿಲ್ಲೆ, ಹಿಂದಿನ ಶಾಲೆಯ ಹೆಸರು ಸೇರಿಸಿಕೊಂಡ ದಿನವೇ ಬರೆದುಕೊಳ್ಳಿ, ಮಾರ್ಚ್‌ಗೆ ಕೇಳೋಣ ಅಂದರೆ ಆಗಲೇ ಹೊರಟಿರ್ತಾರೆ. ಲೆಕ್ಕ ಚುಕ್ತಾ ಆಗುವ ದಿನ ಎಸ್ಟೇಟ್ ಆಫೀಸಿಗೆ ಗೊತ್ತಿರುತ್ತೆ. ಒಂದು ವಾರ ಮುಂಚೆ ಶಾಲೆಗೆ ತಿಳಿಸಬೇಕು ಅನ್ನೋ ಒಂದು ಸಾಲನ್ನು ಕಂಪನಿ ಜೊತೆಗಿನ ಒಪ್ಪಂದದಲ್ಲೇ ಹಾಕಿಸಿ. ಟಿ.ಸಿ. ಜೊತೆ, ಮಗು ಯಾವ ಮೆಟ್ಟಿಲ ತನಕ ಬಂದಿದೆ ಅಂತ ಹಿಂದಿಯಲ್ಲಿ ಅರ್ಧ ಪುಟ ಸಹಾಯಕಿಯ ಕೈಲೇ ಬರೆಸಿ, ಸೀಲು ಹಾಕಿ ಕೊಡಿ.